ಕಬ್ಬಿಗೆ ಬೆಂಕಿ ಬಿದ್ದರೆ ಡ್ರೋನ್ ಬರುತ್ತದೆ ಅಂತ ದುಡ್ಡು ಕಟ್ಟಬೇಡಿ

ಕಬ್ಬು ಕಟಾವಿಗೆ ಬರುವ ಹೊತ್ತಿಗೆ ಈ ಡ್ರೋನ್ ಕಾವಲು ಮಾರುವವರು ನಿಮ್ಮೂರಿಗೂ ಬರುತ್ತಾರೆ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ‘ಆಕಾಶದಿಂದ ಅಗ್ನಿ ರಕ್ಷಣೆ’ ಅಂತ ಬಣ್ಣದ ಹಾಳೆ. ಎಕರೆಗೆ 900 ರೂಪಾಯಿ, ಸೀಸನ್ ಪೂರ್ತಿ ಕಾವಲು. ಫೋನ್ ಮಾಡಿದ 15 ನಿಮಿಷಕ್ಕೆ ಡ್ರೋನ್ ನಿಮ್ಮ ಹೊಲದ ಮೇಲೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಘಟಪ್ರಭಾ ದಂಡೆಯ ನಮ್ಮ ಕಡೆ ಸುಮಾರು ಜನ ಕಟ್ಟಿದ್ದೇವೆ. ನಾನು ಆರು ಎಕರೆಗೆ 5,400 ಕಟ್ಟಿದೆ. ನಾಲ್ಕು ಎಕರೆ ಸುಟ್ಟು ಹೋಯಿತು. ಡ್ರೋನ್ ನೆಲ ಬಿಟ್ಟು ಏಳಲೇ ಇಲ್ಲ.

ಮಾರಲು ಬಂದ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದ. ಹೆಲಿಕಾಪ್ಟರ್ ಕೆಳಗೆ ದೊಡ್ಡ ಬಕೆಟ್ ನೇತಾಡುತ್ತಿದೆ, ಉರಿಯುವ ಕಾಡಿನ ಮೇಲೆ ನೀರು ಸುರಿಯುತ್ತಿದೆ. ಅದು 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗಿನದು. ವಾಯುಪಡೆಯ ಎಂಐ-17 ಹೆಲಿಕಾಪ್ಟರ್, ಬಾಂಬಿ ಬಕೆಟ್. ಒಂದು ಸಲಕ್ಕೆ ಸುಮಾರು 3,500 ಲೀಟರ್ ಹಿಡಿಯುವ ಬಕೆಟ್ ಅದು. ಸರ್ಕಾರ ಕೇಳಿದರೆ ಬರುತ್ತದೆ, ನಾನು ನೀವು ಕರೆದರೆ ಬರುವುದಿಲ್ಲ. ‘ತಮ್ಮಾ, ಇದು ಮಿಲಿಟರಿಯವರದಲ್ಲೇನೋ?’ ಅಂದೆ. ‘ಟೆಕ್ನಾಲಜಿ ಒಂದ ಐತ್ರಿ ಕಾಕಾರ, ಸೈಜ್ ಅಷ್ಟ ಸಣ್ಣದು’ ಅಂದ.

ಸೈಜ್ ಎಷ್ಟು ಸಣ್ಣದು ಗೊತ್ತಾ? 10 ಲೀಟರ್. ಬೆಳೆಗೆ ಔಷಧಿ ಹೊಡೆಯುವ ಡ್ರೋನ್ ಇದೆಯಲ್ಲ, ಅದೇ. ಔಷಧಿ ತೆಗೆದು ನೀರು ತುಂಬಿದ್ದಾರೆ, ಅಷ್ಟೇ! ಟ್ಯಾಂಕ್ ತುಂಬಿಸಿ ಏರಿಸಿದರೆ ಬ್ಯಾಟರಿ ಹತ್ತು ಹದಿನೈದು ನಿಮಿಷ ಬಂದರೆ ಹೆಚ್ಚು. ನಾಜಲ್‌ನಿಂದ ಬೀಳುವುದು ನೀರಲ್ಲ, ಮಂಜಿನಂಥ ಹನಿ. ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಹತ್ತಿ ಆಳೆತ್ತರ ಉರಿಯುವಾಗ ಆ ಹನಿ ಕೆಳಗೆ ಮುಟ್ಟುವ ಮೊದಲೇ ಆವಿ.

ಹಾಗಾದರೆ ಡೆಮೊದಲ್ಲಿ ಹೇಗೆ ಆರಿತು? ಬೆಳಿಗ್ಗೆ ಏಳಕ್ಕೆ ಡೆಮೊ. ಎಲೆ ಅಲ್ಲಾಡದಷ್ಟು ಶಾಂತ. ಬಯಲಲ್ಲಿ ಒಂದು ಬುಟ್ಟಿಯಷ್ಟು ರವದಿ ಗುಡ್ಡೆ ಹಾಕಿ ಹಚ್ಚಿದರು. ಡ್ರೋನ್ ಬಂತು, ಆರಿಸಿತು, ಎಲ್ಲರೂ ಚಪ್ಪಾಳೆ ಹೊಡೆದರು. ಆ ಗುಡ್ಡೆಯನ್ನು ಚಪ್ಪಲಿ ಕಾಲಲ್ಲಿ ತುಳಿದರೂ ಆರುತ್ತಿತ್ತು.

ನಮ್ಮ ಕಡೆ ಕಬ್ಬಿಗೆ ಬೆಂಕಿ ಬೀಳುವುದು ಹೇಗೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಹೊಲದ ಮೇಲೆ ಕರೆಂಟಿನ ತಂತಿ ಜೋತುಬಿದ್ದಿರುತ್ತದೆ. ಮಧ್ಯಾಹ್ನ ಗಾಳಿ ಏಳುತ್ತದೆ. ತಂತಿಗೆ ತಂತಿ ತಾಗಿ ಕಿಡಿ ಉದುರುತ್ತದೆ. ಆವತ್ತೂ ಅದೇ ಆಯಿತು. ನಾನು ಮೊದಲು ಫೋನ್ ಮಾಡಿದ್ದು 101ಕ್ಕಲ್ಲ, ಇವರಿಗೆ. ದುಡ್ಡು ಕಟ್ಟಿದ್ದೇನಲ್ಲ! ಗಾಡಿ ಬಂತು, ಅದು ಸುಳ್ಳಲ್ಲ. ಹುಡುಗ ಡ್ರೋನ್ ಇಳಿಸಿ ರೆಕ್ಕೆ ಬಿಚ್ಚಿ ಇಟ್ಟ. ಮೇಲೆ ನೋಡಿದ. ಮತ್ತೆ ನೋಡಿದ. ಆಮೇಲೆ ಅಂದ ಮಾತು ಇದು:

‘ಗಾಳಿ ಭಾಳ ಐತ್ರಿ ಸರ್, ಏರಸಾಕ ಬರಂಗಿಲ್ಲ. ಮತ್ತ ಮ್ಯಾಲೆ ತಂತಿ ಅದಾವು.’

ಕಬ್ಬು ಚಟಪಟ ಅಂತ ಸಿಡಿಯುತ್ತಿದೆ, ನಾನು ಅವನ ಮುಖ ನೋಡುತ್ತಾ ನಿಂತಿದ್ದೇನೆ. ‘ಗಾಳಿ ಇಲ್ಲದಾಗ, ತಂತಿ ಇಲ್ಲದಲ್ಲಿ ಬೆಂಕಿ ಯಾಕ ಬೀಳತೈತೋ?’ ಅಂತ ಕೇಳಿದೆ. ‘ಅದೂ ಖರೇರಿ ಸರ್, ಆದ್ರ ಕಂಪನಿ ರೂಲ್ ಐತ್ರಿ.’ ಅಕ್ಕಪಕ್ಕದ ಹೊಲದವರೆಲ್ಲ ಓಡಿ ಬಂದಿದ್ದರು. ಒಬ್ಬರು ‘ಎಲ್ಲಿ ನಿಮ್ಮ ವಿಮಾನ?’ ಅಂದರು. ಈಗಲೂ ಸಂತೆಯಲ್ಲಿ ಸಿಕ್ಕರೆ ಅದೇ ಕೇಳುತ್ತಾರೆ. ಮೈಯೆಲ್ಲ ಉರಿಯುತ್ತದೆ. ಉಳಿದ ಎರಡು ಎಕರೆ ಉಳಿದದ್ದು ಆ ಅಕ್ಕಪಕ್ಕದವರೇ ಮುಂದಿನ ಸಾಲು ಕಡಿದು ಬೆಂಕಿ ದಾಟದಂತೆ ಜಾಗ ಖಾಲಿ ಮಾಡಿದ್ದರಿಂದ, ಮತ್ತು ಅಗ್ನಿಶಾಮಕದವರಿಂದ. ಅವರ ಗಾಡಿಯಲ್ಲಿ 4,500 ಲೀಟರ್ ನೀರಿರುತ್ತದೆ. ಕಾಸು ಕೇಳುವುದಿಲ್ಲ.

ಮಾರನೇ ದಿನ ಡ್ರೋನ್ ಕಂಪನಿಯ ಆಫೀಸಿಗೆ ಫೋನ್ ಮಾಡಿದೆ. ‘ಸರ್, ನಿಯಮ ಓದಿ. ಗಾಳಿ, ವಿದ್ಯುತ್ ತಂತಿ, ದಟ್ಟ ಹೊಗೆ ಇದ್ದರೆ ಸೇವೆ ಅನ್ವಯಿಸುವುದಿಲ್ಲ.’ ಹಾಳೆ ತಿರುಗಿಸಿ ನೋಡಿದೆ. ಇದೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಗಾಳಿ ಇಲ್ಲದ, ತಂತಿ ಇಲ್ಲದ, ಹೊಗೆ ಇಲ್ಲದ ಬೆಂಕಿ ಮಾತ್ರ ಆರಿಸುತ್ತಾರಂತೆ! ದುಡ್ಡು ವಾಪಸ್ ಕೇಳಿದರೆ ‘ನಮ್ಮ ಟೀಮ್ ಸ್ಥಳಕ್ಕೆ ಬಂದಿದೆ ಸರ್, ಸೇವೆ ಕೊಟ್ಟಂತೆ ಆಯಿತು’. ಆಮೇಲೆ ವಾಟ್ಸಾಪಿನಲ್ಲಿ ಒಂದು ಮೆಸೇಜ್: ‘ಮುಂದಿನ ಸೀಸನ್‌ಗೆ ನಿಮಗೆ ಶೇ 20 ರಿಯಾಯಿತಿ.’ ಸುಟ್ಟ ಕಬ್ಬಿಗೆ ಕಾರ್ಖಾನೆಯವರು ರೇಟ್ ಕಡಿತ ಮಾಡಿಕೊಂಡು ತೂಗುತ್ತಿರುವ ಹೊತ್ತಿಗೆ ಇದು ಬಂತು.

ಆ 900 ರೂಪಾಯಿಯನ್ನು ಹೊಲದ ಸುತ್ತ ರವದಿ ತೆಗೆಸುವ ಕೂಲಿಗೆ ಕೊಡಿ. ತಂತಿ ಜೋತುಬಿದ್ದಿದ್ದರೆ ಕರೆಂಟಿನವರ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬೆಂಕಿ ಬಿದ್ದರೆ ಮೊದಲು 101. ಆಮೇಲೆ ಪರಿಹಾರ ಕೇಳಲು ಅಗ್ನಿಶಾಮಕ ಠಾಣೆಯ ವರದಿ, ಪಂಚನಾಮೆ ಎರಡೂ ಬೇಕಾಗುತ್ತವೆ, ಬಿಡಬೇಡಿ. ನನ್ನ ಹಾಗೆ ದುಡ್ಡು ಕಟ್ಟಿ ಕೂತವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ನಾನು ಹಾಕಿದ್ದೇನೆ.

ಅದೇ ಹುಡುಗರು ಈಗ ಹೆಸರು ಬದಲಿಸಿಕೊಂಡು ಕೃಷ್ಣಾ ದಂಡೆ ಕಡೆ ಡೆಮೊ ಕೊಡುತ್ತಿದ್ದಾರಂತೆ. ಹೋದವರು ಚಪ್ಪಾಳೆ ಹೊಡೆಯುವ ಮೊದಲು ಡ್ರೋನಿನ ಯುಐಎನ್ (ನೋಂದಣಿ) ನಂಬರ್, ಹಾರಿಸುವವನ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕೇಳಿ. 2021ರ ಡ್ರೋನ್ ನಿಯಮದ ಪ್ರಕಾರ ಎರಡೂ ಬೇಕು. ಆಮೇಲೆ, ಬೆಳಿಗ್ಗೆ ಬೇಡ, ಮಧ್ಯಾಹ್ನ ಗಾಳಿ ಎದ್ದಾಗ ಬಂದು ಸುಮ್ನೆ ಒಂದು ಸಲ ಏರಿಸಿ ತೋರಿಸಿ ಅನ್ನಿ.