ಕೊಡಗಿನ ಮಳೆಗಾಲಕ್ಕೆ ಎಂಡರ್ 3: ಏನು ಕಲಿಸುತ್ತದೆ, ಯಾವುದನ್ನು ಮೊದಲು ಸರಿಪಡಿಸಬೇಕು

ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಹಾಕಿ ವಸ್ತು ಮಾಡುವ, ಚೀನಾದ ಕ್ರಿಯಾಲಿಟಿ ಕಂಪನಿಯ ಎಂಡರ್ 3 ತ್ರೀಡಿ ಪ್ರಿಂಟರ್ ಬಂದದ್ದು 2018ರಲ್ಲಿ. ಅದಕ್ಕಿಂತ ವೇಗದ, ಬೆಡ್ಡನ್ನು (ವಸ್ತು ಮೂಡುವ ಹಾಸನ್ನು) ತಾವೇ ಲೆವೆಲ್ ಮಾಡಿಕೊಳ್ಳುವ ಯಂತ್ರಗಳು ಈಗ ಬೇಕಾದಷ್ಟಿವೆ. ಡಬ್ಬ ಬಿಚ್ಚಿದ ದಿನವೇ ವಸ್ತು ಕೈಗೆ ಬರಬೇಕು ಅನ್ನುವವರು ಅವನ್ನೇ ಕೊಳ್ಳಲಿ. ಯಂತ್ರವನ್ನು ಬಿಚ್ಚಿ ಜೋಡಿಸಿ ಕಲಿಯಬೇಕಾದ ಶಾಲೆಯ ಲ್ಯಾಬಿಗೆ, ಎಂಜಿನಿಯರಿಂಗ್ ವಿದ್ಯಾರ್ಥಿಗೆ, ತೋಟದ ಸ್ಪ್ರೇಯರಿಗೋ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೋ ಒಂದು ಕ್ಲಿಪ್ಪು, ಮುಚ್ಚಳ ಮಾಡಿ ನೋಡಬೇಕೆನ್ನುವವರಿಗೆ ಮಾತ್ರ ಇದು ಇವತ್ತಿಗೂ ಒಳ್ಳೆಯ ಆಯ್ಕೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಶುರು ಮಾಡಿದ ರೆಪ್‌ರ್ಯಾಪ್ (ತನ್ನ ಬಿಡಿಭಾಗಗಳನ್ನು ತಾನೇ ಮುದ್ರಿಸಿಕೊಳ್ಳುವ ಪ್ರಿಂಟರ್ ಯೋಜನೆ) ಪರಂಪರೆಯ ಯಂತ್ರವಿದು. ವಿನ್ಯಾಸ ಮುಕ್ತವಾಗಿದೆ, ಒಳಗಿರುವುದೆಲ್ಲ ಸಾಮಾನ್ಯ ಬಿಡಿಭಾಗಗಳೇ. 220×220×250 ಮಿ.ಮೀ. ಅಳತೆಯ ವಸ್ತು ಬರುತ್ತದೆ. ಕಲಿಕೆಗೆ ಅಷ್ಟು ಧಾರಾಳ.

ತಳಭಾಗ ಜೋಡಿಸಿಯೇ ಬರುತ್ತದೆ, ಉಳಿದದ್ದನ್ನು ಅಲೆನ್ ಕೀಯಲ್ಲಿ ಬಿಗಿಯಬೇಕು. ಎರಡು ಗಂಟೆಯ ಕೆಲಸ. ಆದರೆ ವಿದ್ಯುತ್ ಕೊಡುವ ಮುನ್ನ ಪವರ್ ಸಪ್ಲೈ ಪಕ್ಕದ ಚಿಕ್ಕ ಕೆಂಪು ಸ್ವಿಚ್ ನೋಡಿ. ಅದು 115ರಲ್ಲಿದ್ದರೆ ನಮ್ಮ 230 ವೋಲ್ಟಿಗೆ ಸಪ್ಲೈ ಸುಟ್ಟುಹೋಗುತ್ತದೆ. ಎರಡು ನಿಲುವು ಕಂಬಗಳನ್ನು ಪೂರ್ತಿ ಬಿಗಿಯುವ ಮೊದಲು ಬಡಗಿಯ ಮೂಲೆಮಟ್ಟ ಇಟ್ಟು 90 ಡಿಗ್ರಿ ಇದೆಯೇ ನೋಡಿ, ಚೌಕಟ್ಟಿನ ಎರಡು ಕರ್ಣಗಳನ್ನೂ ಅಳೆಯಿರಿ. ಇಲ್ಲಿ ಓರೆಯಾದರೆ ಮುಂದೆ ಯಾವ ಸೆಟ್ಟಿಂಗೂ ಸರಿಪಡಿಸದು. ಚಕ್ರಗಳ ಬಿಗಿತ ಹೊಂದಿಸುವ ಎಕ್ಸೆಂಟ್ರಿಕ್ ನಟ್ ತಿರುಗಿಸಿ, ಬೆಡ್ ಅಲುಗದಂತೆ, ಆದರೆ ಬೆರಳಿನಿಂದ ಚಕ್ರ ಜಾರಿಸಲು ಬರುವಂತೆ ಇಡಿ. ತೀರಾ ಬಿಗಿದರೆ ಚಕ್ರದ ಮೇಲೆ ಚಪ್ಪಟೆ ಗುರುತು ಬಿದ್ದು ಪ್ರಿಂಟಿನ ಮೇಲೆ ಅಲೆಗಳು ಮೂಡುತ್ತವೆ.

ವಿದ್ಯಾರ್ಥಿಗಳಿಗೆ ಈ ಯಂತ್ರ ಕೊಡುವ ಅತ್ಯುತ್ತಮ ಪಾಠ ಲೆಕ್ಕದ್ದು. ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ, ಮೋಟಾರ್ ನಡೆಸುವ ಡ್ರೈವರ್ ಚಿಪ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ, ಒಟ್ಟು 3200. ಪುಲ್ಲಿಗೆ 20 ಹಲ್ಲು, ಬೆಲ್ಟಿನ ಹಲ್ಲಿಗೆ 2 ಮಿ.ಮೀ., ಹಾಗಾಗಿ ಒಂದು ಸುತ್ತಿಗೆ 40 ಮಿ.ಮೀ. ಅಲ್ಲಿಗೆ ಮಿ.ಮೀ.ಗೆ 80 ಹೆಜ್ಜೆ. ಎತ್ತರದ ಸ್ಕ್ರೂ ಸುತ್ತಿಗೆ 8 ಮಿ.ಮೀ. ಏರುತ್ತದೆ, ಅಲ್ಲಿ 400. ಫಿಲಮೆಂಟನ್ನು (ಪ್ಲಾಸ್ಟಿಕ್ ಎಳೆಯನ್ನು) ತಳ್ಳುವ ಎಕ್ಸ್‌ಟ್ರೂಡರಿನದು ಮಾತ್ರ ಅಳೆದೇ ತಿಳಿಯಬೇಕು. ಕರಗಿದ ಪ್ಲಾಸ್ಟಿಕ್ ಹೊರಬರುವ ನಾಝಲನ್ನು 200 ಡಿಗ್ರಿಗೆ ಕಾಯಿಸಿ, ಎಕ್ಸ್‌ಟ್ರೂಡರ್ ಬಾಯಿಂದ 120 ಮಿ.ಮೀ. ಹಿಂದೆ ಫಿಲಮೆಂಟಿಗೆ ಗುರುತು ಹಾಕಿ, ನಿಧಾನವಾಗಿ 100 ಮಿ.ಮೀ. ತಳ್ಳಿಸಿ. ಗುರುತಿಗೆ 20 ಉಳಿದರೆ ಸರಿ. 25 ಉಳಿದರೆ ಹೋದದ್ದು 95 ಮಾತ್ರ. ಯಂತ್ರದಲ್ಲಿ ಮೊದಲಿದ್ದ, ಮಿ.ಮೀ.ಗೆ 93 ಹೆಜ್ಜೆ ಎಂಬ ಅಂಕಿಯನ್ನು 100ರಿಂದ ಗುಣಿಸಿ 95ರಿಂದ ಭಾಗಿಸಿದರೆ 97.9. ಹೆಜ್ಜೆಯ ಲೆಕ್ಕ ಬದಲಿಸುವ ಎಂ92 ಆದೇಶದಲ್ಲಿ ಅದನ್ನು ಕೊಟ್ಟು ಎಂ500ರಿಂದ ಉಳಿಸಿ.

ಇನ್ನು ಸುಧಾರಣೆ. ಎಲ್ಲರೂ ಮೊದಲು ಹೇಳುವುದು ಆಟೋ ಲೆವೆಲ್ ಸೆನ್ಸರ್, ಮೋಟಾರಿನ ಸದ್ದು ತಗ್ಗಿಸುವ ಬೋರ್ಡ್. ಕೊಡಗಿನಲ್ಲಿ ಆ ದುಡ್ಡು ಮೊದಲು ತೇವ ತಡೆಯಲು ಹೋಗಬೇಕು. ಕುಶಾಲನಗರದ ಕಡೆ ಮಳೆ ಕಡಿಮೆ, ಸ್ವಲ್ಪ ಸುಧಾರಿಸಬಹುದು. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಗೋಡೆಯೇ ಬೆವರುವಾಗ ಹೊರಗಿಟ್ಟ ಫಿಲಮೆಂಟ್ ಸುರುಳಿ ಕೆಲವೇ ದಿನಗಳಲ್ಲಿ ನೀರು ಹೀರುತ್ತದೆ. ನಾಝಲಿನಲ್ಲಿ ಆ ನೀರು ಆವಿಯಾಗಿ ಟಪ್ ಟಪ್ ಎಂದು ಸಿಡಿಯುತ್ತದೆ, ವಸ್ತುವಿನ ಮೈಮೇಲೆ ಸೂಜಿಮೊನೆಯಂಥ ತೂತು, ನಡುವೆ ಜೇಡರಬಲೆಯಂಥ ಎಳೆ. ಉಷ್ಣತೆ 10 ಡಿಗ್ರಿ ಇಳಿಸಿದಾಗ ಎಳೆ ಕಡಿಮೆಯಾಗಿ ಸದ್ದು ಉಳಿದರೆ ತಪ್ಪು ಸೆಟ್ಟಿಂಗಿನದಲ್ಲ, ತೇವದ್ದು. ಫಿಲಮೆಂಟ್ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನದಾದರೆ ಅದನ್ನು ನಾಝಲಿಗೆ ಒಯ್ಯುವ ಟ್ಯೂಬಿನೊಳಗೇ ಒಣಕಡ್ಡಿಯಂತೆ ಮುರಿಯುವುದೂ ಉಂಟು.

ಪಿಎಲ್‌ಎಯನ್ನು 45ರಿಂದ 50 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ, ಇನ್ನೊಂದು ಬಗೆಯ ಪ್ಲಾಸ್ಟಿಕ್ಕಾದ ಪಿಇಟಿಜಿಯನ್ನು 65ರಲ್ಲಿ ಆರು ಗಂಟೆ ಒಣಗಿಸಬೇಕು. ಡ್ರೈಯರ್ ಇಲ್ಲದಿದ್ದರೆ ಪ್ರಿಂಟರಿನ ಬೆಡ್ಡೇ ಸಾಕು: ಸುರುಳಿಯನ್ನು ಅದರ ಮೇಲೆ ಮಲಗಿಸಿ, ರಟ್ಟಿನ ಡಬ್ಬ ಕವುಚಿ, ಆವಿ ಹೋಗಲು ಮೇಲೊಂದು ತೂತು ಬಿಡಿ, ಅರ್ಧ ಸಮಯಕ್ಕೆ ತಿರುವಿ ಹಾಕಿ. ಹತ್ತಿರವೇ ಕೂತು ನೋಡಿಕೊಳ್ಳಿ. ಒಲೆಯ ಮೇಲಿನ ಅಟ್ಟದಲ್ಲಿ ಮಾಂಸ ಒಣಗೀತು, ಫಿಲಮೆಂಟಿಗೆ ಅದು ಆಗದು. ಶಾಖ ಏರಿಳಿದು ಸುರುಳಿ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಚ್ಚಳದಲ್ಲಿ ಟ್ಯೂಬಿಗೆ ತೂತು ಮಾಡಿ ಡಬ್ಬದಿಂದಲೇ ನೇರವಾಗಿ ಪ್ರಿಂಟ್ ಮಾಡಿ. ಮಾಪಕ 20 ಶೇಕಡಾ ದಾಟಿದರೆ ಜೆಲ್ಲನ್ನು ಮತ್ತೆ ಬಿಸಿ ಮಾಡಿ ಒಣಗಿಸಬೇಕು.

ಎರಡನೆಯ ಖರ್ಚು ಕರೆಂಟಿನದು. ಮರ ಬಿದ್ದು ಲೈನ್ ಹೋಗುವ ಊರಿನಲ್ಲಿ ಎಂಟು ಗಂಟೆಯ ಪ್ರಿಂಟ್ ಅಪಾಯವೇ. ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಯಂತ್ರದಲ್ಲಿದೆ, ಆದರೆ ಬೆಡ್ ತಣ್ಣಗಾದರೆ ವಸ್ತು ಸಡಿಲವಾಗುತ್ತದೆ, ಸಡಿಲವಾದದ್ದರ ಮೇಲೆ ಮುಂದುವರಿಸಿ ಪ್ರಯೋಜನವಿಲ್ಲ. ಮನೆಯ ಸೈನ್ ವೇವ್ ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿ, ಆಗ ಬದಲಾಗುವ ಹೊತ್ತಿಗೆ ಬೋರ್ಡ್ ರೀಸೆಟ್ ಆಗುವುದಿಲ್ಲ. ಪವರ್ ಸಪ್ಲೈ 350 ವ್ಯಾಟಿನದು, ಅದೇ ಇನ್ವರ್ಟರಿನಲ್ಲಿ ಫ್ರಿಜ್ ಬೇಡ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ.

ಸುರಕ್ಷತೆಯಲ್ಲಿ ರಾಜಿ ಬೇಡ. ಹೀಟರ್ ಕೈಕೊಟ್ಟರೆ ಯಂತ್ರ ತಾನೇ ನಿಲ್ಲುತ್ತದೆಯೇ ಎಂದು ಹೀಗೆ ಪರೀಕ್ಷಿಸಿ. ಪವರ್ ಆಫ್ ಮಾಡಿ ಹಾಟ್‌ಎಂಡಿನ (ಪ್ಲಾಸ್ಟಿಕ್ ಕರಗಿಸುವ ಭಾಗದ) ಹೀಟರ್ ವೈರ್ ಬಿಡಿಸಿ, ತುದಿಗಳನ್ನು ಟೇಪಿನಿಂದ ಬೇರೆ ಬೇರೆ ಸುತ್ತಿ, ಆನ್ ಮಾಡಿ 200 ಡಿಗ್ರಿ ಕೊಡಿ. ಒಂದೆರಡು ನಿಮಿಷದೊಳಗೆ ‘ಹೀಟಿಂಗ್ ಫೇಲ್ಡ್’ ಎಂದು ಯಂತ್ರ ನಿಲ್ಲಬೇಕು. ನಿಲ್ಲದಿದ್ದರೆ ಯಂತ್ರ ನಡೆಸುವ ತಂತ್ರಾಂಶವಾದ ಮಾರ್ಲಿನ್ ಫರ್ಮ್‌ವೇರಿನ ಹೊಸ ಆವೃತ್ತಿ ಹಾಕುವವರೆಗೆ ಬಳಸಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮಾಡಲೇಬೇಕು.

ಹಾಟ್‌ಎಂಡಿನ ಒಳಗಿನ ಬಿಳಿ ಟ್ಯೂಬ್ ನಾಝಲಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ತಾಗಬೇಕು. ಸಂದು ಇದ್ದರೆ ಪ್ಲಾಸ್ಟಿಕ್ ಅಲ್ಲಿ ತುಂಬಿ ಕಟ್ಟಿಕೊಳ್ಳುತ್ತದೆ. ಟ್ಯೂಬಿನ ತುದಿಯನ್ನು ನೇರವಾಗಿ ಕತ್ತರಿಸಿ, ನಾಝಲ್ ಅರ್ಧ ಸುತ್ತು ಸಡಿಲಿಸಿ, ಟ್ಯೂಬ್ ಒತ್ತಿ ಅದನ್ನು ಹಿಡಿದಿಡುವ ಕಪ್ಲರ್ ಹಾಕಿ, 220 ಡಿಗ್ರಿಯಲ್ಲಿ ನಾಝಲ್ ಬಿಗಿಯಿರಿ. 240 ಡಿಗ್ರಿ ದಾಟಿಸಬೇಡಿ, ಟ್ಯೂಬ್ ಕೆಡುತ್ತದೆ.

ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಬೀಳುವ ಭಾಗವನ್ನು ಪಿಎಲ್‌ಎಯಲ್ಲಿ ಮಾಡಬೇಡಿ, ಅದು 60 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತದೆ. ಪಿಇಟಿಜಿ ಬಳಸಿ: ನಾಝಲ್ 235, ಬೆಡ್ 75. ಒಂದಕ್ಕೊಂದು ಸೇರುವ ಭಾಗಗಳ ನಡುವೆ 0.2ರಿಂದ 0.3 ಮಿ.ಮೀ. ಸಡಿಲ ಬಿಡಿ. ಡಿಸೆಂಬರ್ ಚಳಿಯಲ್ಲಿ ವಸ್ತುವಿನ ಮೂಲೆ ಬೆಡ್ಡಿನಿಂದ ಎದ್ದರೆ ಕಿಟಕಿ ಮುಚ್ಚಿ, ಅಗಲವಾದ ಬ್ರಿಮ್ (ಮೊದಲ ಪದರದ ಸುತ್ತ ತೆಳು ಅಂಚು) ಕೊಡಿ.

ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಕೊರಿಯರ್ ಬರುವುದಿಲ್ಲ. ಮೇ ತಿಂಗಳಲ್ಲೇ ಸೌದೆಯ ಜತೆಗೆ ಇವನ್ನೂ ಕೂಡಿಡಿ: 0.4 ಮಿ.ಮೀ. ತೂತಿನ ಐದು ನಾಝಲ್, ಒಂದು ಮೀಟರ್ ಟ್ಯೂಬ್, ಎರಡು ಕಪ್ಲರ್, ಶಾಖ ಅಳೆಯುವ ಒಂದು ಥರ್ಮಿಸ್ಟರ್, ಒಂದು ಫ್ಯಾನ್, 40 ವ್ಯಾಟ್ ಹೀಟರ್ ಒಂದು. ಹೀಟರೂ ಫ್ಯಾನೂ 24 ವೋಲ್ಟಿನವೇ ಆಗಿರಲಿ. 12ರದ್ದು ನೋಡಲು ಹಾಗೇ ಇರುತ್ತದೆ, ಹಾಕಿದರೆ ಸುಡುತ್ತದೆ.