ಬೆರಳಿಗೆ ಹಾಕೋ ಆಕ್ಸಿಮೀಟರ್: ಕೋವಿಡ್ ಟೈಮಲ್ಲಿ ನಮ್ಮನೇಲಿ ಅದು ಮಾಡಿದ ಕೆಲಸ

ರಿವ್ಯೂ ತುಂಬಾ ತಡವಾಗಿ ಬರೀತಿದೀನಿ. ಮೊನ್ನೆ ಟಿವಿ ಕೆಳಗಿನ ಡ್ರಾಯರ್ ಕ್ಲೀನ್ ಮಾಡ್ತಿದ್ದಾಗ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋ ಈ ಆಕ್ಸಿಮೀಟರ್ ಸಿಕ್ತು, ಅದರ ಅಡಿಯಲ್ಲೇ ಮಗಳ ಗಣಿತದ ನೋಟ್‌ಬುಕ್ಕೂ ಇತ್ತು, ಕೊನೆಯ ಪುಟಗಳ ತುಂಬಾ ಪೆನ್ಸಿಲ್ಲಲ್ಲಿ ಬರೀ ಎರಡೆರಡು ಅಂಕಿ. 97, 72. 96, 78. 96, 80. ಲೆಕ್ಕ ಅಲ್ಲ ಅದು, ನಮ್ಮ ಮನೆಯವರ ಉಸಿರು: ಮೊದಲನೇದು ಆಕ್ಸಿಜನ್ ಪರ್ಸೆಂಟ್, ಎರಡನೇದು ನಾಡಿ. ನೋಡ್ತಾ ನೋಡ್ತಾ ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಈ ವಸ್ತು ಬಗ್ಗೆ ನಾಲ್ಕು ಮಾತು ಬರೀದೇ ಇದ್ರೆ ತಪ್ಪಾಗತ್ತೆ ಅನ್ನಿಸ್ತು. ಇವತ್ತಿಗೂ ಶ್ವಾಸಕೋಶದ ತೊಂದರೆ ಇರೋರ ಮನೆಗೆ ಇದನ್ನ ಕೊಳ್ತಾರಲ್ಲ, ಅವರಿಗೆ ಉಪಯೋಗಕ್ಕೆ ಬರ್ಲಿ.

ಆಗ ಮನೇಲಿ ನಾವು ಐದು ಜನ. ನಾನು, ನಮ್ಮನೆಯವರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಮತ್ತೆ ನಮ್ಮಪ್ಪ, ಅವರಿಗೆ ಆಗ 72. 2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಪ್ಯಾಂಡೆಮಿಕ್ ಅಂದಾಗ ಆ ಪದದ ಅರ್ಥ ಏನು ಅಂತ ಮಗಳು ಕೇಳಿದ್ಲು, ಅರ್ಥ ಹೇಳಿ ಮುಗಿಸೋ ಹೊತ್ತಿಗೆ ಅವಳ ಸ್ಕೂಲೇ ಫೋನೊಳಗೆ ಬಂದ್ಬಿಟ್ಟಿತ್ತು. ಒಂದೇ ಟೇಬಲ್ಲು, ಬೆಳಿಗ್ಗೆ ಆಫೀಸು, ಹತ್ತು ಗಂಟೆಗೆ ಕ್ಲಾಸು, ಸಂಜೆ ಮತ್ತೆ ಆಫೀಸು, ಮಧ್ಯೆ ಸಿಕ್ಕಿದಾಗ ಊಟ. ಯಾರಾದ್ರೂ ಒಂದು ಸಲ ಕೆಮ್ಮಿದ್ರೆ ಸಾಕು ಎಲ್ಲರ ತಲೆ ಆ ಕಡೆ ತಿರುಗೋದು. ಥರ್ಮಾಮೀಟರ್ ಮನೇಲಿ ಮೊದಲಿಂದಲೂ ಇತ್ತು, ಆದ್ರೆ ಈ ಕಾಯಿಲೇಲಿ ಜ್ವರ ಬಿಟ್ಟ ಮೇಲೂ ಆಕ್ಸಿಜನ್ ಇಳೀಬಹುದು, ಇಳಿದಿದ್ದು ರೋಗಿಗೇ ಗೊತ್ತಾಗದೇ ಇರಬಹುದು ಅಂತ ಎಲ್ಲಾ ಕಡೆ ಓದಿದ ಮೇಲೆ ಆಕ್ಸಿಮೀಟರ್ ತರಿಸಲೇಬೇಕು ಅಂತ ಹಠ ಹಿಡಿದಿದ್ದು ನಾನೇ.

ಮೊದಲು ತರಿಸಿದ್ದು ಇದಲ್ಲ. ಆಗ ಎಲ್ಲಾ ಕಡೆ ಸ್ಟಾಕ್ ಖಾಲಿ, ಸಿಕ್ಕಿದ್ದನ್ನ ತಗೊಂಡ್ವಿ. ಅದರ ಹೆಸರು ಬರೆಯಲ್ಲ. ಯಾರು ಬೆರಳಿಟ್ರೂ 98 ಇಲ್ಲ 99, ಅಷ್ಟೇ. ಎಲ್ಲರೂ ಚೆನ್ನಾಗಿದೀವಿ ಅಂತ ಖುಷಿಯಾಗಿದ್ವಿ. ಒಂದಿನ ಮಗ ಆಟ ಆಡ್ತಾ ಅದರ ಬಾಯಿಗೆ ಪೆನ್ಸಿಲ್ ಇಟ್ಟ. 97 ತೋರಿಸ್ತು, ನಾಡಿ ಬಡಿತನೂ ತೋರಿಸ್ತು! ಪೆನ್ಸಿಲ್ ಇಟ್ರೆ ಏನೋ ಒಂದು ನಂಬರ್ ಬಂತು ಅನ್ನೋ ಒಂದೇ ಕಾರಣಕ್ಕೆ ಮೀಟರ್ ಸುಳ್ಳು ಅಂತ ತೀರ್ಮಾನ ಮಾಡೋ ಹಾಗಿಲ್ಲ, ಅದು ಅಳೆಯೋಕೆ ಬಳಸೋ ಬೆಳಕು ಅಲುಗಾಡಿದ್ರೆ ಒಳ್ಳೆ ಮೀಟರ್ ಕೂಡ ಮೋಸ ಹೋಗಬಹುದು. ಅದಕ್ಕೆ ನಾನು ಇನ್ನೊಂದು ಪರೀಕ್ಷೆ ಮಾಡಿದೆ. ಒಂದು ಕೈಗೆ ಮೀಟರ್ ಹಾಕಿ, ಇನ್ನೊಂದು ಕೈಯ ಮಣಿಕಟ್ಟಿನ ಹತ್ರ ನಾಡಿ ಹಿಡಿದು ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದೆ. ಎಣಿಕೆಗೆ 84 ಬಂತು, ಮೀಟರ್ ಮಾತ್ರ 70 ಅಂತಾನೇ ನಿಂತಿತ್ತು. ಮೆಟ್ಟಿಲು ಹತ್ತಿ ಇಳಿದು ಬಂದು ಮತ್ತೆ ಎಣಿಸಿದೆ, ನಾಡಿ ಓಡ್ತಿದೆ, ಅದು ಆಗ್ಲೂ 71. ಆವತ್ತೇ ಎತ್ತಿಟ್ಟೆ. ನೀವು ಯಾವ ಬ್ರ್ಯಾಂಡ್ ತಗೊಂಡ್ರೂ ಈ ಪರೀಕ್ಷೆ ಮಾಡಿ ದಯವಿಟ್ಟು, ಒಂದೇ ನಿಮಿಷದ ಕೆಲಸ. ನಾಡಿನೇ ಸರಿಯಾಗಿ ಹಿಡೀದೇ ಇರೋ ಮೀಟರ್ ಹೇಳೋ ಆಕ್ಸಿಜನ್ ನಂಬರನ್ನ ನಂಬೋದು ಹೇಗೆ?

ಎರಡನೇದು ಬಂತಲ್ಲ, ಈ ರಿವ್ಯೂ ಅದರದ್ದು. ಹೆಬ್ಬೆರಳು ಗಾತ್ರದ ಕ್ಲಿಪ್, ಎರಡು ಟ್ರಿಪಲ್ ಎ ಬ್ಯಾಟರಿ, ಒಂದೇ ಬಟನ್. ಮೇಲೆ ಆಕ್ಸಿಜನ್ ಪರ್ಸೆಂಟ್, ಪಕ್ಕದಲ್ಲಿ ನಾಡಿ, ಕೆಳಗೆ ನಾಡಿ ಜೊತೆಗೇ ಏರಿಳಿಯೋ ಅಲೆ. ಆ ಅಲೆ ಇರೋದನ್ನೇ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅಲೆ ಸಮವಾಗಿ ಬರ್ತಿದ್ರೆ ನಂಬರ್ ನಂಬಬಹುದು, ಚೂರು ಚೂರಾಗಿ ಗೀಚಿದ ಹಾಗೆ ಬಂದ್ರೆ ಬೆರಳು ತಣ್ಣಗಿದೆ ಅಥವಾ ಕೈ ಅಲ್ಲಾಡ್ತಿದೆ ಅಂತ ಅರ್ಥ, ಆ ನಂಬರ್ ಬಿಡಿ.

ಈಗ ಒಂದು ರಾತ್ರಿ ವಿಷಯ ಹೇಳ್ಬೇಕು. 2021ರ ಶುರು. ನಮ್ಮನೆಯವರಿಗೆ ಪಾಸಿಟಿವ್ ಬಂತು, ಒಳಗಿನ ರೂಮಲ್ಲಿ ಅವರೊಬ್ಬರೇ, ಬಾಗಿಲ ಹೊರಗೆ ಒಂದು ಸ್ಟೂಲು, ಊಟದ ತಟ್ಟೆ ಅಲ್ಲಿಟ್ಟು ನಾನು ಹಿಂದೆ ಸರಿದ ಮೇಲೆ ಅವರು ಬಾಗಿಲು ತೆಗೀತಿದ್ರು. ಮೀಟರೂ ಅವರ ಹತ್ರನೇ ಇತ್ತು. ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿ ಬೆರಳು ತೋರಿಸಿದ್ರು, ಲೈಟ್ ಆರಿಸಿದ್ರು, ಕತ್ತಲಲ್ಲಿ ನೀಲಿ ಅಂಕಿ ಎರಡೇ ಕಾಣ್ತಿತ್ತು. 86. ನನಗೆ ಕಾಲು ಕೆಳಗಿನ ನೆಲ ಕುಸಿದ ಹಾಗಾಯ್ತು. ಗಂಟಲಿಂದ ಮಾತು ಬರ್ಲಿಲ್ಲ, ಚಪ್ಪಲಿ ಎಲ್ಲಿ, ಫೈಲ್ ಎಲ್ಲಿ, ಮಕ್ಕಳನ್ನ ಯಾರ ಹತ್ರ ಬಿಡೋದು, ಎಲ್ಲಾ ಒಟ್ಟಿಗೆ ತಲೇಲಿ ಓಡ್ತು. ಅವರು ಆರಾಮಾಗಿ 'ಯಾಕೆ, 98 ಇದೆಯಲ್ಲ' ಅಂತ ಬೆರಳು ತಿರುಗಿಸಿದ್ರು. ಹೌದು, 98! ಉಲ್ಟಾ ಹಿಡಿದ್ರೆ 98 ಅನ್ನೋದು 86 ಥರ ಕಾಣತ್ತೆ. ಪೇಪರ್ ಮೇಲೆ ಬರೆದು ತಿರುಗಿಸಿ ನೋಡಿ ಬೇಕಾದ್ರೆ. ಚೆನ್ನಾಗಿರೋ ಮನುಷ್ಯನ ನಂಬರ್ರು ತಲೆಕೆಳಗಾದ್ರೆ ಆಸ್ಪತ್ರೆಗೆ ಓಡೋ ನಂಬರ್ ಆಗ್ಬಿಡತ್ತೆ. ಬಟನ್ ಒತ್ತುತ್ತಾ ಹೋದ್ರೆ ಸ್ಕ್ರೀನ್ ತಿರುಗತ್ತೆ ಅನ್ನೋದು ಮಾರನೇ ದಿನ ಮ್ಯಾನ್ಯುಯಲ್ ಓದಿದಾಗ ಗೊತ್ತಾಯ್ತು. ಆ ರಾತ್ರಿ ಮಾತ್ರ ನಾನು ಬಾಗಿಲ ಈಚೆ, ಸ್ಟೂಲ್ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದೆ, ಅವರ ಗೊರಕೆ ಕೇಳಿಸೋವರೆಗೂ.

ಮೇಲೆ ನಾನು ಬೆಳಕು ಅಂದ್ನಲ್ಲ, ಇದು ಕೆಲಸ ಮಾಡೋದೇ ಬೆಳಕಿನ ಮೇಲೆ. ಕ್ಲಿಪ್ಪಿನ ಮೇಲಿನ ದವಡೆಯಿಂದ ಎರಡು ಥರದ ಬೆಳಕು ಬೆರಳಿನೊಳಗೆ ಹೋಗತ್ತೆ, ಒಂದು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು 940ರ ಹತ್ತಿರದ ಇನ್‌ಫ್ರಾರೆಡ್, ಅದು ಕಣ್ಣಿಗೆ ಕಾಣಲ್ಲ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ಡನ್ನ ಜಾಸ್ತಿ ಹೀರತ್ತೆ, ಆಕ್ಸಿಜನ್ ಇಲ್ಲದ್ದು ಕೆಂಪನ್ನ ಜಾಸ್ತಿ ಹೀರತ್ತೆ, ಕೆಳಗಿರೋ ಸೆನ್ಸರ್ ಎರಡನ್ನೂ ತೂಗಿ ನೋಡತ್ತೆ. ಚರ್ಮ, ಮೂಳೆ ಕೂಡ ಬೆಳಕು ಹೀರತ್ತಲ್ಲ ಅಂದ್ರೆ, ಅದು ನಾಡಿ ಜೊತೆ ಬಡಿಯೋ ಭಾಗವನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳತ್ತೆ. ಆ ಉಪಾಯ ಹೊಳೆದಿದ್ದು ಜಪಾನಿನ ಇಂಜಿನಿಯರ್ ತಾಕುವೊ ಅಯೊಯಗಿ ಅವರಿಗೆ, 1970ರ ದಶಕದ ಮೊದಲಲ್ಲಿ. ಬೇರೇನೋ ಅಳೆಯೋಕೆ ಹೋದಾಗ ನಾಡಿ ಬಡಿತ ಅಡ್ಡ ಬರ್ತಿತ್ತಂತೆ, ಆ ಅಡ್ಡಿನೇ ದಾರಿ ಆಯ್ತು. ಅವರು ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತಿಡೀ ಅವರ ಮೀಟರ್ ಹುಡುಕ್ತಿದ್ದ ಹೊತ್ತಲ್ಲೇ. ಇದನ್ನ ಓದಿದಾಗ ನನಗೆ ತುಂಬಾ ಸಂಕಟ ಆಯ್ತು, ನಮ್ಮನೇ ಐದು ಜನರ ಪರವಾಗಿ ಮನಸ್ಸಲ್ಲೇ ಕೈ ಮುಗಿದೆ.

ಅಳೆಯೋದು ಹೇಗೆ ಅನ್ನೋದು ಮೀಟರ್ ಅಷ್ಟೇ ಮುಖ್ಯ, ನಮಗೆ ಕಲಿಸಿದ್ದು ಫೋನಲ್ಲಿ ಸಿಗ್ತಿದ್ದ ಒಬ್ಬ ಡಾಕ್ಟರ್. ಐದು ನಿಮಿಷ ಸುಮ್ನೆ ಕೂರ್ಬೇಕು. ನೈಲ್ ಪಾಲಿಶ್ ಇರಬಾರದು. ಕೈ ತಣ್ಣಗಿದ್ರೆ ಉಜ್ಜಿ ಬಿಸಿ ಮಾಡ್ಕೊಂಡು ಎದೆ ಮಟ್ಟಕ್ಕೆ ಇಟ್ಕೋಬೇಕು, ಮಾತಾಡಬಾರದು, ಹಾಕಿದ ತಕ್ಷಣ ಬರೋ ನಂಬರ್ ನೋಡದೆ ಅರ್ಧ ನಿಮಿಷ, ಒಂದು ನಿಮಿಷ ಕಾದು ನಿಂತ ನಂಬರ್ ಬರ್ಕೋಬೇಕು. ದಿನಕ್ಕೆ ಮೂರು ಸಲ, ಅದೇ ಬೆರಳು. ನಾನು ಮೊದಮೊದಲು ರಾತ್ರಿ ಎರಡು ಗಂಟೆಗೂ ಎದ್ದು ಮಲಗಿದ್ದ ಮಕ್ಕಳ ಬೆರಳಿಗೆ ಹಾಕ್ತಿದ್ದೆ, ಮಗನ ಬೆರಳು ಸಣ್ಣದು, ಕ್ಲಿಪ್ ಕೂರ್ತಾನೇ ಇರ್ಲಿಲ್ಲ, 88 ಅಂತ ತೋರಿಸಿ ಹೆದರಿಸೋದು (ಚಿಕ್ಕ ಮಕ್ಕಳಿಗೆ ಬೇರೆ ಸೈಜ್ ಬರತ್ತೆ, ದೊಡ್ಡವರದ್ದು ಆಗಲ್ಲ). ಡಾಕ್ಟರ್ ಅಂದ್ರು, 'ಒಂದು ನಂಬರ್ ಹಿಡ್ಕೊಂಡು ಅಳಬೇಡಿ ಅಮ್ಮ, ಬರೆದಿಡಿ, ಇಳೀತಿದ್ಯಾ ಅಷ್ಟು ನೋಡಿ'. ಆವತ್ತಿಂದ ಬರೆಯೋ ಕೆಲಸ ಮಗಳು ವಹಿಸಿಕೊಂಡ್ಲು. ಅವಳ ಅಪ್ಪ ರೂಮೊಳಗಿಂದ ಕೂಗಿ ಹೇಳೋದು, ಇವಳು ಬಾಗಿಲ ಆಚೆ ನೆಲದ ಮೇಲೆ ಕೂತು ಬರೆಯೋದು. ಅಪ್ಪನ್ನ ಮುಟ್ಟೋ ಹಾಗಿಲ್ಲ, ನೋಡೋ ಹಾಗಿಲ್ಲ, ಆದ್ರೆ ದಿನಕ್ಕೆ ಮೂರು ಸಲ ಅಪ್ಪನ ದನಿ ಅವಳಿಗೆ ಅಂತಾನೇ ಬರ್ತಿತ್ತು. ಅವಳು ಒಂದು ಸಲಾನೂ ಮರೀಲಿಲ್ಲ.

ಅವರು ಹುಷಾರಾಗೋ ಹೊತ್ತಿಗೆ ನಮ್ಮಪ್ಪನಿಗೆ ಬಂತು. ಜ್ವರ ನಾಲ್ಕನೇ ದಿನಕ್ಕೇ ಬಿಟ್ಟಿತ್ತು, ಎಲ್ಲಾ ಮುಗೀತು ಅಂದ್ಕೊಂಡ್ವಿ. ನೋಟ್‌ಬುಕ್ಕಲ್ಲಿ ಅವರ ಆಕ್ಸಿಜನ್ ಸಾಲು ಹಿಂಗಿದೆ: 96, 96, 95, 95, 94, 93. ಏಳನೇ ದಿನ ಬೆಳಿಗ್ಗೆ 91. ನಾನು ನಂಬಲಿಲ್ಲ. ಅವರು ಕುರ್ಚೀಲಿ ಕೂತು ಪೇಪರ್ ಓದ್ತಿದಾರೆ, ಮಾತು ಸ್ಪಷ್ಟ, ಏದುಸಿರಿಲ್ಲ, 'ನನಗೇನಾಗಿದೆ, ಹೋಗಿ ನಿನ್ನ ಕೆಲಸ ನೋಡ್ಕೋ' ಅಂತಿದಾರೆ. ಕೈ ಉಜ್ಜಿದೆ, ಬೆರಳು ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ಸ್ಕ್ರೀನ್ ಉಲ್ಟಾ ಇಲ್ಲ ತಾನೇ ಅಂತ ಎರಡು ಸಲ ನೋಡಿದೆ, ನನ್ನ ಬೆರಳಿಗೇ ಹಾಕಿ ನೋಡಿದೆ, 98. ಅವರಿಗೆ ಹಾಕಿದ್ರೆ ಮತ್ತೆ 91, ಆಮೇಲೆ 90. ಅಲೆ ಮಾತ್ರ ಸಮವಾಗಿ, ಚೆಂದವಾಗಿ ಬರ್ತಾ ಇತ್ತು. ಇದು ಸುಳ್ಳಲ್ಲ ಅಂತ ಆ ಅಲೆ ನೋಡಿನೇ ನನಗೆ ಖಾತ್ರಿ ಆಗಿದ್ದು. ಡಾಕ್ಟರ್ 94ಕ್ಕಿಂತ ಕೆಳಗೆ ನಿಂತ್ರೆ ಫೋನ್ ಮಾಡಿ ಅಂದಿದ್ರು, ಹಿಂದಿನ ರಾತ್ರಿಯ 93ಕ್ಕೇ ಮಾಡಬೇಕಿತ್ತು, ಆ ಒಂದು ರಾತ್ರಿ ಕಾದಿದ್ದಕ್ಕೆ ನನಗೆ ಈಗ್ಲೂ ನೋವಿದೆ. ನೀವು ಕಾಯಬೇಡಿ. 90ರ ತನಕ ನಿಧಾನಕ್ಕೆ ಇಳಿಯೋದು ಅಲ್ಲಿಂದ ಕೆಳಗೆ ಜಾರುಬಂಡೆ ಥರ ಇಳಿಯತ್ತೆ, ವಿಶ್ವ ಆರೋಗ್ಯ ಸಂಸ್ಥೆ 90ಕ್ಕಿಂತ ಕೆಳಗೆ ಹೋದ್ರೆ ತೀವ್ರ ಅಂತಾನೇ ಲೆಕ್ಕ ಹಾಕೋದು.

ಆಸ್ಪತ್ರೆಲಿ ಅವರಿಗೆ ಮಾಸ್ಕಲ್ಲಿ ಆಕ್ಸಿಜನ್ ಕೊಟ್ರು, ಬೋರಲು ಮಲಗಿಸಿದ್ರು, ಡೆಕ್ಸಾಮೆಥಾಸೋನ್ ಶುರು ಮಾಡಿದ್ರು. ಆ ಔಷಧಿ ಆಕ್ಸಿಜನ್ ಬೇಕಾದವರ ಜೀವ ಉಳಿಸತ್ತೆ, ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಇಲ್ಲ ಅಂತ 2020ರ ಜೂನಲ್ಲಿ ಬ್ರಿಟನ್ನಿನ 'ರಿಕವರಿ' ಅನ್ನೋ ಔಷಧಿ ಪ್ರಯೋಗದಿಂದ ಗೊತ್ತಾಗಿತ್ತು. ಅಂದ್ರೆ ಯಾರಿಗೆ ಯಾವಾಗ ಕೊಡಬೇಕು ಅನ್ನೋದಕ್ಕೂ ಈ ಬೆರಳಿನ ನಂಬರೇ ಬೇಕು. ಹನ್ನೊಂದು ದಿನ ಆದ್ಮೇಲೆ ಅಪ್ಪ ಮನೆಗೆ ಬಂದ್ರು, ಅರ್ಧ ಆಗೋಗಿದ್ರು. ಬಂದ ಸಂಜೆ ಮೀಟರ್ ಹಾಕಿಸ್ಕೊಂಡು, ಮೊಮ್ಮಗಳ ಕೈಯಿಂದ ಪೆನ್ಸಿಲ್ ತಗೊಂಡು ತಾವೇ ಬರೆದ್ರು. 95, 88. ಕೈ ನಡುಗಿ 5ರ ಬಾಲ ಕೆಳಗಿನ ಸಾಲಿಗೆ ಇಳಿದಿದೆ. ಮೊನ್ನೆ ನಾನು ತುಂಬಾ ಹೊತ್ತು ನೋಡ್ತಾ ಕೂತಿದ್ದು ಅದನ್ನೇ.

ಕೊರತೆಗಳನ್ನೂ ಹೇಳ್ತೀನಿ. ಕಪ್ಪು ಮೈಬಣ್ಣದವರಿಗೆ ಈ ಮೀಟರ್‌ಗಳು ಇರೋದಕ್ಕಿಂತ ಜಾಸ್ತಿ ತೋರಿಸಬಹುದು. 2020ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀಟರ್ 92ರಿಂದ 96 ತೋರಿಸಿದ್ರೂ ರಕ್ತಪರೀಕ್ಷೇಲಿ 88ಕ್ಕಿಂತ ಕಮ್ಮಿ ಇದ್ದದ್ದು ಬಿಳಿಯರಲ್ಲಿ ಶೇಕಡಾ 3.6 ಸಲ, ಕಪ್ಪು ಜನರಲ್ಲಿ ಶೇಕಡಾ 11.7 ಸಲ. ಎರಡು ತಿಂಗಳಾದ್ಮೇಲೆ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಎಚ್ಚರಿಕೆ ಕೊಡ್ತು. ಹಾಗಾಗಿ ಮೈಬಣ್ಣ ಕಪ್ಪಿದ್ರೆ ನಂಬರ್ ಚೆನ್ನಾಗಿದೆ ಅಂತ ಸುಮ್ನಿರಬೇಡಿ, ಉಸಿರು ಕಟ್ಟೋ ಹಾಗಿದ್ರೆ, ತುಟಿ ನೀಲಿ ಆದ್ರೆ, ಎದೆ ನೋವಿದ್ರೆ, ಗೊಂದಲದಲ್ಲಿ ಮಾತಾಡ್ತಿದ್ರೆ ಮೀಟರ್ ನೋಡ್ತಾ ಕೂರದೆ ಹೊರಡಿ. ಹೊಗೆ ಕುಡಿದು ಕಾರ್ಬನ್ ಮಾನಾಕ್ಸೈಡ್ ಮೈಯೊಳಗೆ ಸೇರಿದಾಗಲೂ ಇದಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಎಲ್ಲಾ ಸರಿ ಇದೆ ಅನ್ನತ್ತೆ. ಒಳ್ಳೆ ಮೀಟರಲ್ಲೂ ಎರಡು ಪಾಯಿಂಟ್ ಆಚೆ ಈಚೆ ಇದ್ದೇ ಇರತ್ತೆ.

ಇನ್ನು ಇದರದ್ದೇ ಸಣ್ಣಪುಟ್ಟ ತಕರಾರು: ಹಳೆ ರೀಡಿಂಗ್ ನೆನಪಿಟ್ಕೊಳ್ಳಲ್ಲ, ದಾರ ಒಂದು ವಾರಕ್ಕೆ ಕಿತ್ತೋಯ್ತು, ಸ್ಪ್ರಿಂಗ್ ಸ್ವಲ್ಪ ಬಿಗಿ, ಅಪ್ಪನಿಗೆ ಬೆರಳು ನೋಯ್ತಿತ್ತು. ಬ್ಯಾಟರಿ ಚೆನ್ನಾಗಿ ಬರತ್ತೆ, ಆದ್ರೆ ಎತ್ತಿಡೋವಾಗ ತೆಗೆದಿಡಿ, ಒಳಗೇ ಬಿಟ್ರೆ ಸೋರತ್ತೆ. ನಾನು ತೆಗೆದಿಟ್ಟಿದ್ದೆ, ಮೊನ್ನೆ ಹೊಸದು ಹಾಕಿದ ತಕ್ಷಣ ಆನ್ ಆಯ್ತು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಉಳಿದ ಅರ್ಧ ಯಾಕಿಲ್ಲ ಅಂದ್ರೆ, ಇದನ್ನ ತಯಾರಿಸೋರಿಗೆ ನನ್ನದೊಂದು ಬೇಡಿಕೆ ಇದೆ. ಬಿಲಿಯರ್ಡ್ಸ್ ಚೆಂಡಿನ ಮೇಲೆ 6 ಮತ್ತು 9ರ ಅಡಿಗೆ ಗೆರೆ ಎಳೆದಿರ್ತಾರಲ್ಲ, ಹಂಗೇ ಈ ಅಂಕಿಗಳ ಕೆಳಗೂ ಒಂದು ಗೆರೆ ಹಾಕಿ.