ಜೊಲ್ಲಿನ ಪರೀಕ್ಷೆಯೋ, ಬಯಾಪ್ಸಿಯೋ?

ಇಪ್ಪತ್ತು ವರ್ಷದಿಂದ ಗುಟ್ಕಾ ಅಗಿಯುವ ಅಣ್ಣನಿಗೆ ಬಾಯಿ ಕ್ಯಾನ್ಸರ್ ಪತ್ತೆಗೆ ಯಾವ ಪರೀಕ್ಷೆ ಸರಿ ಎಂದು ಗದಗಿನಿಂದ ಕೇಳಿದ್ದೀರಿ. ಖರ್ಚು, ನೋವು ನೋಡಿದರೆ ದಂತವೈದ್ಯರು ಕಣ್ಣು-ಬೆರಳಿನಿಂದ ಮಾಡುವ ತಪಾಸಣೆಯೇ ಹಗುರ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಕಲೆ, ಮೂರು ಬೆರಳು ಹಿಡಿಯದಷ್ಟು ಬಿಗಿದ ಬಾಯಿ ಅದರಲ್ಲೇ ಸಿಕ್ಕಿಬೀಳುತ್ತವೆ.

ಜೊಲ್ಲಿನ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ಅಂಶ) ಪರೀಕ್ಷೆಗೂ ಸೂಜಿ ಬೇಡ. ಇಂಟರ್‌ಲ್ಯೂಕಿನ್-8ರಂಥ ಪ್ರೋಟೀನ್‌ಗಳ ಏರಿಕೆಯನ್ನು ಅಳೆಯುತ್ತಾರೆ. ಆದರೆ ಒಸಡು ಊದಿದರೂ ಅವು ಏರಬಹುದು. ಗುಟ್ಕಾ ಬಾಯಲ್ಲಿ ಒಸಡು ನೆಟ್ಟಗಿರುವುದೇ ಅಪರೂಪ! ಬಾಯಲ್ಲಿ ಗಾಯವಿಲ್ಲದೆ, ಸಂಶೋಧನೆ ನಡೆಸುವ ಕಾಲೇಜಿನಲ್ಲಿ ಅವಕಾಶ ಸಿಕ್ಕರೆ ಜೊಲ್ಲು ಕೊಡಲಿ. ಅದೊಂದನ್ನೇ ನಂಬಿ ಕೂರುವುದು ಬೇಡ.

ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಬಯಾಪ್ಸಿಯೇ ಬೇಕಾಗಬಹುದು: ಮರಗಟ್ಟಿಸುವ ಚುಚ್ಚುಮದ್ದು, ಪರೀಕ್ಷೆಗೆಂದು ಹುಣ್ಣಿನಿಂದ ಕತ್ತರಿಸುವ ಕಾಳುಮೆಣಸಿನಷ್ಟು ಚೂರು, ಒಂದೆರಡು ಹೊಲಿಗೆ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಳಗಿನ ಬಸ್ಸಿಗೇ ಹೊರಡಿಸಿ.